ಊಟ ತನ್ನಿಚ್ಛೆ, ಆಟ ಯಾರಿಚ್ಛೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳುತ್ತಾರೆ. ಏನು ಉಣ್ಣಬೇಕು ಎನ್ನುವುದು ನಮ್ಮ ನಾಲಿಗೆಗೆ ಬಿಟ್ಟದ್ದು. ಏನು ಉಡಬೇಕು ಎನ್ನುವುದರಲ್ಲಿ ಮಾತ್ರ ನಾಲ್ಕು ಜನರ ಕಣ್ಣೂ ಸೇರಿಕೊಂಡಿರುತ್ತದೆ. ಹಾಗಾದರೆ ಆಟ? ಅದು ಯಾರಿಚ್ಛೆ?

"ನಮ್ಮ ಕ್ಲಾಸಿನಲ್ಲಿ ಎಲ್ಲರೂ ಆಡ್ತಾರೆ, ನಂಗೂ ಬೇಕು" ಎಂದು ಮಗು ಹಟ ಹಿಡಿದರೆ ಅದು ಪರರಿಚ್ಛೆಯ ಮಾತು. "ಆ ಹಾಳು ವಿಡಿಯೊ ಗೇಮ್ ನಮ್ಮ ಮನೆಗೆ ಬೇಡ" ಎಂದು ಅಜ್ಜ ಆಟವನ್ನು ಒಮ್ಮೆಯೂ ನೋಡದೆ ಹೇಳಿದರೆ, ಅದೂ ಪರರಿಚ್ಛೆಯ ಮಾತೇ. ಮಗು ಗೆಳೆಯರ ಮಾತು ಕೇಳಿದೆ, ಅಜ್ಜ ತಮ್ಮ ಗೆಳೆಯರ ಮಾತು ಕೇಳಿದ್ದಾರೆ. ಈ ಆಟ ಈ ಮಗುವಿನ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ.

ಚಪ್ಪಲಿ ಕೊಳ್ಳುವಾಗ ಪಾದದ ಅಳತೆ ನೋಡುತ್ತೇವೆ. ಆಟ ಕೊಳ್ಳುವಾಗಲೂ ಅಷ್ಟು ಎಚ್ಚರ ಬೇಕು. ದೊಡ್ಡ ಆಟಗಳ ಬೆಲೆ ಸಾವಿರಗಳಲ್ಲಿ ಇರುತ್ತದೆ. ಬೆಲೆಗಿಂತ ದೊಡ್ಡದು ಅದು ಕೇಳುವ ಸಮಯ. ದಿನಕ್ಕೆ ಒಂದು ಗಂಟೆಯಂತೆ ಆಡಿದರೂ ತಿಂಗಳುಗಟ್ಟಲೆ ಮುಗಿಯದ ಆಟಗಳಿವೆ. ಅವುಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ‘ಓಪನ್ ವರ್ಲ್ಡ್ ಫ್ಯಾಂಟಸಿ’ ಎಂಬ ಬಗೆಯವು. ಕನ್ನಡದಲ್ಲಿ ಹೇಳುವುದಾದರೆ, ಮಾಯಾಲೋಕದಲ್ಲಿ ಮನಬಂದಂತೆ ತಿರುಗಾಡುವ ಆಟಗಳು. ಇಂಥ ಆಟ ನಿಮಗೆ ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಯೋಚಿಸಬಹುದಾದ ವಿಷಯ ಇದು.

ಭಾಗವತರಿಲ್ಲದ ಪ್ರಸಂಗ

ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿಕೊಂಡರೆ ಪ್ರಸಂಗ ಸಾಗುತ್ತದೆ. ಯಾವ ವೇಷ ಯಾವಾಗ ಬರಬೇಕು, ಯುದ್ಧ ಎಲ್ಲಿ, ಮಂಗಳ ಯಾವಾಗ ಎಂಬುದೆಲ್ಲ ಅವರ ಕೈಯಲ್ಲಿರುತ್ತದೆ. ಪ್ರೇಕ್ಷಕರು ನಿಶ್ಚಿಂತೆಯಿಂದ ಕಥೆಯ ಹಿಂದೆ ಹೋಗುತ್ತಾರೆ. ಬಹಳಷ್ಟು ವಿಡಿಯೊ ಗೇಮ್‌ಗಳು ಹೀಗೆಯೇ ಇರುತ್ತವೆ. ಒಂದನೆಯ ಹಂತ ಮುಗಿಸಿದರೆ ಎರಡನೆಯದು, ಅದು ಮುಗಿದರೆ ಮೂರನೆಯದು.

ಓಪನ್ ವರ್ಲ್ಡ್ ಆಟ ಜಾತ್ರೆಯ ಹಾಗೆ. ಊರ ಬಾಗಿಲಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ. ಮೊದಲು ತೇರು ನೋಡುತ್ತೀರೋ, ತೊಟ್ಟಿಲು ಏರುತ್ತೀರೋ, ಬೆಂಡು ಬತ್ತಾಸಿನ ಅಂಗಡಿಗೆ ಹೋಗುತ್ತೀರೋ, ಅದು ನಿಮ್ಮ ಇಷ್ಟ. ಕೆಲವರಿಗೆ ಜಾತ್ರೆ ಎಂದರೆ ಹಬ್ಬ. ಇನ್ನು ಕೆಲವರು ಅರ್ಧ ಗಂಟೆಯಲ್ಲೇ "ಮನೆಗೆ ಹೋಗೋಣ" ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ತಪ್ಪಲ್ಲ, ಸ್ವಭಾವ ಬೇರೆ ಬೇರೆ.

ಮಾತು ಗಾಳಿಯಲ್ಲಿ ತೇಲಬಾರದು. ಅದಕ್ಕೆ ಒಂದು ಆಟವನ್ನೇ ಮುಂದಿಟ್ಟುಕೊಳ್ಳೋಣ.

ಕ್ಯೋಟೊದ ಗುಹೆಯಿಂದ ಹೊರಟ ಆಟ

ಜಪಾನಿನ ಕ್ಯೋಟೊ ನಗರದಲ್ಲಿ ನಿಂಟೆಂಡೊ ಎಂಬ ಕಂಪನಿ ಇದೆ. ಅದು ಆರಂಭವಾದದ್ದು 1889ರಲ್ಲಿ. ಆಗ ವಿದ್ಯುತ್ ಆಟಗಳ ಸುಳಿವೇ ಇರಲಿಲ್ಲ. ‘ಹನಾಫುಡ’ ಎಂಬ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ಅದು ತಯಾರಿಸುತ್ತಿತ್ತು. ಆ ಕಂಪನಿಯಲ್ಲಿ ಮುಂದೆ ಹೆಸರಾದ ವಿನ್ಯಾಸಕಾರ ಶಿಗೆರು ಮಿಯಮೊಟೊ. ಅವರು ಬೆಳೆದದ್ದು ಕ್ಯೋಟೊ ಪ್ರಾಂತ್ಯದ ಸೊನೊಬೆ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲಿ ಗುಡ್ಡ, ಕಾಡು ಅಲೆಯುತ್ತಿದ್ದಾಗ ಒಂದು ಗುಹೆ ಕಣ್ಣಿಗೆ ಬಿತ್ತು, ಲಾಟೀನು ಹಿಡಿದು ಒಳಗೆ ಹೋದೆ ಎಂದು ಅವರು ನೆನಪಿಸಿಕೊಂಡಿದ್ದಾರೆ. ಒಳಗೆ ಏನಿದೆಯೋ ಎಂಬ ಆ ಪುಕಪುಕ, ಆ ಕುತೂಹಲ, ಎರಡನ್ನೂ ಆಟದಲ್ಲಿ ಹಿಡಿದಿಡಬೇಕೆಂದು ಹೊರಟಾಗ ಹುಟ್ಟಿದ್ದು ‘ದಿ ಲೆಜೆಂಡ್ ಆಫ್ ಜೆಲ್ಡಾ’. ಮೊದಲ ಆಟ ಜಪಾನಿನಲ್ಲಿ 1986ರಲ್ಲಿ ಬಂತು.

ನಾವು ನೋಡಲಿರುವುದು ಅದೇ ವಂಶದ ‘ಬ್ರೆತ್ ಆಫ್ ದಿ ವೈಲ್ಡ್’. 2017ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಆಟ ಎಂಬ ಪ್ರಶಸ್ತಿಯನ್ನೂ ಪಡೆಯಿತು.

ಕಥೆ ಹೀಗಿದೆ. ಲಿಂಕ್ ಎಂಬ ಯುವಕ 100 ವರ್ಷಗಳ ನಿದ್ದೆಯಿಂದ ಒಂದು ಗುಹೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅವನಿಗೆ ಹಿಂದಿನದೇನೂ ನೆನಪಿಲ್ಲ. ಹೊರಗೆ ಬಂದು ನೋಡಿದರೆ ಕಣ್ಣು ಹಾಯುವಷ್ಟು ದೂರ ಬೆಟ್ಟ, ಕಾಡು, ನದಿ, ಪಾಳುಬಿದ್ದ ಊರುಗಳು. ಅದು ಹೈರೂಲ್ ಎಂಬ ರಾಜ್ಯ. ದೂರದಲ್ಲಿ ಒಂದು ಅರಮನೆ. ಅದನ್ನು ಗ್ಯಾನನ್ ಎಂಬ ಪಿಡುಗು ಸುತ್ತಿಕೊಂಡಿದೆ. ಅದನ್ನು ಅಲ್ಲೇ ತಡೆದು ನಿಲ್ಲಿಸಿರುವವಳು ರಾಜಕುಮಾರಿ ಜೆಲ್ಡಾ.

ಆರಂಭದಲ್ಲಿ ಲಿಂಕ್ ಇರುವುದು ಸುತ್ತಲೂ ಕಡಿದಾದ ಒಂದು ಎತ್ತರದ ಬಯಲಿನ ಮೇಲೆ. ಅಲ್ಲಿ ಒಬ್ಬ ಮುದುಕ ಸಿಗುತ್ತಾನೆ. ನಾಲ್ಕು ಸಣ್ಣ ಗುಡಿಗಳ ಒಗಟು ಬಿಡಿಸಿದರೆ ಗಾಳಿಯಲ್ಲಿ ತೇಲಿ ಇಳಿಯುವ ಸಾಧನವೊಂದನ್ನು ಅವನು ಕೊಡುತ್ತಾನೆ. ಅದು ಕೈಗೆ ಬಂದಮೇಲೆ ಇಡೀ ರಾಜ್ಯವೇ ನಿಮ್ಮದು. ಬೇಕಾದರೆ ನೇರವಾಗಿ ಅರಮನೆಗೇ ನುಗ್ಗಬಹುದು. ಆಟ ತಡೆಯುವುದಿಲ್ಲ. ಆದರೆ ಕೈಯಲ್ಲಿ ಮುರುಕು ಕತ್ತಿ ಹಿಡಿದು ಹೋದವರ ಗತಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಬೆಟ್ಟದ ಆಚೆ ಏನಿದೆ?

ಈ ಆಟವನ್ನು ಕಟ್ಟಿದವರು ಕುತೂಹಲ ಕೆರಳಿಸಲು ಒಂದು ಸರಳ ಉಪಾಯ ಹೂಡಿದ್ದಾರೆ. ನೆಲದ ಆಕಾರಗಳನ್ನು ಆದಷ್ಟೂ ತ್ರಿಕೋನದಂತೆ ಮಾಡಿದ್ದಾರೆ. ಬೆಟ್ಟ ಅಡ್ಡ ಇದ್ದರೆ ಅದರ ಹಿಂದಿರುವುದು ಕಾಣುವುದಿಲ್ಲ. ಹತ್ತಿ ಹೋಗಬೇಕೋ ಬಳಸಿ ಹೋಗಬೇಕೋ ಎಂದು ನೀವೇ ತೀರ್ಮಾನಿಸಬೇಕು. ಬಳಸಿ ಹೋಗುವಾಗ ಸ್ವಲ್ಪಸ್ವಲ್ಪವೇ ಒಂದು ಗೋಪುರದ ತುದಿಯೋ, ಹೊಗೆಯೋ, ಕೆರೆಯೋ ಕಾಣಿಸಿಕೊಳ್ಳುತ್ತದೆ. ಹೊರಟ ಕೆಲಸ ಮರೆತು ಕಾಲು ಅತ್ತ ತಿರುಗುತ್ತದೆ. ಸಂತೆಗೆ ಉಪ್ಪು ತರಲು ಹೋದವರು ದೊಂಬರಾಟ ನೋಡುತ್ತಾ ನಿಂತುಬಿಡುವ ಹಾಗೆ.

ಇನ್ನೊಂದು ಸ್ವಾರಸ್ಯವಿದೆ. ಊರಿಂದ ಊರಿಗೆ, ಗೋಪುರದಿಂದ ಗೋಪುರಕ್ಕೆ ಎಷ್ಟು ಅಂತರವಿರಬೇಕು ಎಂದು ನಿರ್ಧರಿಸಲು ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ತಮಗೆ ಚೆನ್ನಾಗಿ ಗೊತ್ತಿದ್ದ ಕ್ಯೋಟೊ ನಗರದ ನಕ್ಷೆಯನ್ನೇ ಅಳತೆಗೋಲಾಗಿ ಬಳಸಿಕೊಂಡರು. ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ಹೊತ್ತಾದೀತು ಎಂಬುದು ಅವರಿಗೆ ಕಾಲಿನಿಂದಲೇ ಗೊತ್ತಿತ್ತು.

ಇದೆಲ್ಲ ಕೇಳಿ "ಎಷ್ಟು ಚೆನ್ನಾಗಿದೆ!" ಎನಿಸಬಹುದು. ಸ್ವಲ್ಪ ತಾಳಿ. ಪ್ರಶಸ್ತಿ ಬಂದದ್ದು ಆಟಕ್ಕೆ. ಅದು ನಿಮಗೆ ಹೊಂದುತ್ತದೆ ಎಂದು ಯಾವ ತೀರ್ಪುಗಾರರೂ ಹೇಳಲಾರರು. ಅದಕ್ಕೆ ಐದು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು.

ಒಂದು: ದಾರಿ ತಪ್ಪಿದರೆ ಖುಷಿಯೋ, ಕಿರಿಕಿರಿಯೋ?

ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ‘ಈಗ ಇದನ್ನು ಮಾಡು’ ಎಂದು ಹೇಳುವವರು ಕಡಿಮೆ. ಒಂದು ಉದಾಹರಣೆ ನೋಡಿ. ಆರಂಭದ ಬಯಲಿನಲ್ಲೇ ಹಿಮ ಮುಚ್ಚಿದ ಬೆಟ್ಟವಿದೆ. ಹಾಗೇ ಹತ್ತಿದರೆ ಚಳಿಗೆ ಲಿಂಕ್‌ನ ಪ್ರಾಣ ಕುಗ್ಗುತ್ತದೆ. ಮೆಣಸಿನಕಾಯಿ ಹಾಕಿ ಖಾರದ ಅಡುಗೆ ಮಾಡಿ ತಿಂದು ಹೋಗಬಹುದು. ಉರಿಯುವ ಪಂಜು ಹಿಡಿದು ಹೋಗಬಹುದು. ಬೆಚ್ಚನೆಯ ಅಂಗಿಯನ್ನು ಸಂಪಾದಿಸಬಹುದು. ಯಾವುದು ಸರಿ? ಎಲ್ಲವೂ ಸರಿ.

"ಹಾಗೂ ಮಾಡಬಹುದಾ!" ಎಂದು ಕಣ್ಣರಳಿಸುವ ಮಗುವಿಗೆ ಈ ಆಟ ಹೇಳಿ ಮಾಡಿಸಿದ್ದು. "ಏನು ಮಾಡಬೇಕು ಅಂತ ನೇರವಾಗಿ ಹೇಳಬಾರದಾ?" ಎಂದು ಮುಖ ಸಿಂಡರಿಸುವ ಮಗುವಿಗೆ ಹಂತಹಂತದ ಆಟವೇ ಒಳ್ಳೆಯದು.

ಎರಡು: ಸೋತಾಗ ಏನು ಮಾಡುತ್ತೀರಿ?

ಈ ಲೋಕದಲ್ಲಿ ಕತ್ತಿಗಳು ಸವೆದು ಮುರಿಯುತ್ತವೆ. ಕಷ್ಟಪಟ್ಟು ಗಳಿಸಿದ ಒಳ್ಳೆಯ ಕತ್ತಿಯೂ ಮುರಿದೀತು. ಬಂಡೆ ಹತ್ತುತ್ತಿರುವಾಗ ಮಳೆ ಬಂದರೆ ಕೈ ಜಾರುತ್ತದೆ. ಗುಡುಗು ಮಿಂಚಿನಲ್ಲಿ ಲೋಹದ ಗುರಾಣಿ ಹೊತ್ತು ನಿಂತರೆ ಸಿಡಿಲು ಬಡಿಯುತ್ತದೆ. ಕೆಲವರು ಇಂಥದಕ್ಕೆ ನಕ್ಕು, ಮಳೆ ನಿಲ್ಲುವವರೆಗೆ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಕೆಲವರಿಗೆ ಅನ್ಯಾಯವಾಯಿತು ಎನಿಸಿ ಕಣ್ಣಲ್ಲಿ ನೀರು ಬರುತ್ತದೆ. ಆಯುಧ ಮುರಿಯುವುದನ್ನು ಇಷ್ಟಪಡದ ದೊಡ್ಡವರೂ ಬಹಳ ಮಂದಿ ಇದ್ದಾರೆ. ಹಾವು ಏಣಿ ಆಟದಲ್ಲಿ ದೊಡ್ಡ ಹಾವು ನುಂಗಿದಾಗ ನಿಮ್ಮ ಮೊಮ್ಮಗಳು ಏನು ಮಾಡುತ್ತಾಳೆ ಎಂದು ನೆನಪಿಸಿಕೊಳ್ಳಿ. ಉತ್ತರದ ಅರ್ಧ ಅಲ್ಲೇ ಇದೆ.

ಮೂರು: ಕಥೆ ಬೇಕೋ, ತಿರುಗಾಟ ಬೇಕೋ?

ಈ ಆಟದಲ್ಲಿ ಕಥೆ ಇದೆ, ಆದರೆ ಚೂರುಚೂರಾಗಿ ಇದೆ. ಲಿಂಕ್‌ನ ಬಳಿ 12 ಹಳೆಯ ಚಿತ್ರಗಳಿರುತ್ತವೆ. ಆ ಚಿತ್ರ ತೆಗೆದ ಜಾಗವನ್ನು ನೀವು ಹುಡುಕಿ ನಿಂತರೆ ಒಂದೊಂದು ನೆನಪು ಮರಳುತ್ತದೆ. ಯಾವುದು ಮೊದಲು ಸಿಗುತ್ತದೋ ಅದು ಮೊದಲು. ‘ಆಮೇಲೆ ಏನಾಯ್ತು?’ ಎಂದು ಕಥೆಯ ಎಳೆ ಹಿಡಿದು ಓಡುವವರಿಗೆ ಇದು ನಿಧಾನ ಎನಿಸುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಫೋಟೊಗಳನ್ನು ಒಂದೊಂದಾಗಿ ತೆಗೆದು ಅಜ್ಜಿಯಿಂದ ಕಥೆ ಕೇಳುವುದು ಇಷ್ಟವಿದ್ದವರಿಗೆ ಇದರ ರುಚಿ ಹತ್ತುತ್ತದೆ.

ನಾಲ್ಕು: ಅರ್ಧಕ್ಕೆ ಬಿಟ್ಟು ಏಳಬಲ್ಲಿರಾ?

ಮುಖ್ಯ ಕಥೆಯನ್ನಷ್ಟೇ ಹಿಡಿದು ಹೊರಟರೂ ಈ ಆಟಕ್ಕೆ ಸುಮಾರು 50 ಗಂಟೆ ಬೇಕು. ದಿನಕ್ಕೆ ಒಂದು ಗಂಟೆ ಎಂದರೆ 50 ದಿನ. ಹೈರೂಲ್‌ನಲ್ಲಿ 120 ಗುಡಿಗಳಿವೆ. ಕಲ್ಲಿನ ಕೆಳಗೆ, ಮರದ ತುದಿಯಲ್ಲಿ ಅಡಗಿರುವ ಕೊರಾಕ್ ಎಂಬ ಪುಟ್ಟ ವನವಾಸಿಗಳು ಕೊಡುವ ಬೀಜಗಳು 900. ಎಲ್ಲವನ್ನೂ ಹುಡುಕುತ್ತೇನೆಂದು ಹೊರಟರೆ ಇದರ ಎರಡು ಮೂರು ಪಟ್ಟು ಹೊತ್ತು ಸಾಲದು.

ಆ 900 ಬೀಜಗಳನ್ನೂ ಹುಡುಕಿದವರಿಗೆ ಬಹುಮಾನ ಏನು ಗೊತ್ತೇ? ಹೊಳೆಯುವ ಬಂಗಾರದ ಬಣ್ಣದ ಒಂದು ಉಂಡೆ. ಸುರುಳಿ ಸುತ್ತಿದ ಅದರ ಆಕಾರ ಥೇಟ್ ಹೇಲಿನ ಹಾಗಿದೆ, ವಾಸನೆಯೂ ಕೆಟ್ಟದಾಗಿದೆಯಂತೆ. ಅದರಿಂದ ಆಟದಲ್ಲಿ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಆಯುಧ ಇಡುವ ಚೀಲವನ್ನು ಪೂರ್ತಿ ದೊಡ್ಡದು ಮಾಡಿಕೊಳ್ಳಲು 441 ಬೀಜಗಳೇ ಸಾಕು. ಆಟ ಮಾಡಿದವರು ನಗುತ್ತಲೇ ಬುದ್ಧಿ ಹೇಳಿದಂತಿದೆ: ಎಲ್ಲವನ್ನೂ ಗುಡಿಸಿ ಗುಡ್ಡೆ ಹಾಕಬೇಕಾಗಿಲ್ಲ, ದಾರಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ಮುಂದೆ ಹೋಗಿ.

ಎಲೆಯಲ್ಲಿ ಒಂದಗುಳೂ ಬಿಡದೆ ಮುಗಿಸುವ ಸ್ವಭಾವದವರಿಗೆ ಇಂಥ ಆಟ ಹಿಂಸೆಯಾಗುವ ಸಂಭವವುಂಟು. ಮುಗಿಸಲೇಬೇಕೆಂಬ ಹಟದಲ್ಲಿ ಓದು, ನಿದ್ದೆ ಎರಡೂ ಹಾಳಾದೀತು. ಅಂಥವರು ಮೊದಲೇ ಯೋಚಿಸಬೇಕು.

ಐದು: ಓದುವ ತಾಳ್ಮೆ ಇದೆಯೇ?

ಈ ಆಟದಲ್ಲಿ ಹೆಚ್ಚಿನ ಸಂಭಾಷಣೆ ಕೇಳಿಸುವುದಿಲ್ಲ, ಪರದೆಯ ಮೇಲೆ ಅಕ್ಷರಗಳಲ್ಲಿ ಬರುತ್ತದೆ. ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲೇ ಓದಬೇಕು. ಓದದೆ ಗುಂಡಿ ಒತ್ತುತ್ತಾ ಹೋದರೆ ಒಗಟುಗಳ ಸುಳಿವು ತಪ್ಪಿಹೋಗುತ್ತದೆ. ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳಿಗೆ ಪಕ್ಕದಲ್ಲಿ ಒಬ್ಬ ದೊಡ್ಡವರು ಬೇಕೇ ಬೇಕು. ಕೈಗೆ ಹಿಡಿಯುವ ಸಾಧನದಲ್ಲಿ ಎರಡು ಕಡ್ಡಿಗಳೂ ಹತ್ತಾರು ಗುಂಡಿಗಳೂ ಇರುತ್ತವೆ. ಒಂದು ಕಡ್ಡಿ ನಡೆಯಲು, ಇನ್ನೊಂದು ನೋಟ ತಿರುಗಿಸಲು. ಅಭ್ಯಾಸವಾಗಲು ದಿನಗಳು ಬೇಕು. ಪರದೆಯ ನೋಟ ಗರಗರ ತಿರುಗಿದಾಗ ಕೆಲವರಿಗೆ ಬಸ್ಸಿನಲ್ಲಿ ಆಗುವಂತೆ ತಲೆ ಸುತ್ತುವುದೂ ಉಂಟು. ಹಾಗಾದರೆ ಆಟ ನಿಲ್ಲಿಸುವುದೇ ಮದ್ದು.

ಹೆಸರು ಒಂದೇ, ಖಾರ ಬೇರೆ

‘ಓಪನ್ ವರ್ಲ್ಡ್ ಫ್ಯಾಂಟಸಿ’ ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಆಟಗಳಿವೆ. ಸಾರು ಎಂಬ ಹೆಸರೊಂದೇ ಆದರೂ ಮನೆಮನೆಗೂ ಖಾರ ಬೇರೆಯಿರುವ ಹಾಗೆ. ಹಿರಿಯರು ಮೊದಲು ನೋಡಬೇಕಾದದ್ದು ಡಬ್ಬಿಯ ಮೇಲಿನ ವಯಸ್ಸಿನ ಗುರುತು. ಅಮೆರಿಕದಲ್ಲಿ ಈ ಗುರುತು ಕೊಡುವುದು ಇಎಸ್‌ಆರ್‌ಬಿ ಸಂಸ್ಥೆ, ಯುರೋಪಿನಲ್ಲಿ ಪೆಗಿ. ಬ್ರೆತ್ ಆಫ್ ದಿ ವೈಲ್ಡ್‌ಗೆ ಇಎಸ್‌ಆರ್‌ಬಿ 10 ವರ್ಷ ಮತ್ತು ಮೇಲ್ಪಟ್ಟವರು ಎಂದೂ, ಪೆಗಿ 12 ಎಂದೂ ಗುರುತು ಕೊಟ್ಟಿವೆ. ಅದರಲ್ಲಿ ಹೊಡೆದಾಟವಿದೆ. ಆದರೆ ಸೋತ ರಾಕ್ಷಸರು ಹೊಗೆಯಾಗಿ ಮಾಯವಾಗುತ್ತಾರೆ, ರಕ್ತ ಹರಿಯುವುದಿಲ್ಲ. ಬೇಟೆಯಾಡಿ ಮಾಂಸ ಬೇಯಿಸಬಹುದು. ಬೇಡವೆಂದರೆ ಅಣಬೆ, ಸೇಬು, ಅಕ್ಕಿಯಲ್ಲೇ ಲಿಂಕ್‌ನ ಹೊಟ್ಟೆ ತುಂಬಿಸಬಹುದು.

ಇದೇ ಬಗೆಯ ‘ಸ್ಕೈರಿಮ್’ (2011), ‘ದಿ ವಿಚರ್ 3’ (2015), ‘ಎಲ್ಡನ್ ರಿಂಗ್’ (2022) ಆಟಗಳೂ ಲೋಕಪ್ರಸಿದ್ಧ. ಆದರೆ ಈ ಮೂರಕ್ಕೂ ಇಎಸ್‌ಆರ್‌ಬಿ ಕೊಟ್ಟಿರುವ ಗುರುತು 17 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂದು. ‘ವಿಚರ್’ ಪೋಲೆಂಡಿನ ಲೇಖಕ ಆಂಡ್ಜೆ ಸಪ್ಕೋವ್‌ಸ್ಕಿ ಅವರ ಪುಸ್ತಕಗಳಿಂದ ಬಂದದ್ದು, ದೊಡ್ಡವರಿಗಾಗಿಯೇ ಹೇಳಿದ ಕಥೆ. ಎಲ್ಡನ್ ರಿಂಗ್ ಬಲು ಕಠಿಣ ಎಂದೇ ಹೆಸರಾದದ್ದು, ಅದರಲ್ಲಿ ಪದೇ ಪದೇ ಸೋತು ಕಲಿಯಬೇಕು. "ಅಣ್ಣ ಆಡ್ತಾನೆ" ಎನ್ನುವುದು ತಮ್ಮನಿಗೆ ಪರವಾನಗಿಯಲ್ಲ.

ಇನ್ನು ‘ಪುಕ್ಕಟೆ’ ಆಟದ ವಿಷಯ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಚೀನಾದ ‘ಗೆನ್‌ಶಿನ್ ಇಂಪ್ಯಾಕ್ಟ್’ ಮೊಬೈಲಿನಲ್ಲೇ ಆಡಬಹುದಾದ ಓಪನ್ ವರ್ಲ್ಡ್ ಆಟ. ನೋಡಲು ಸುಂದರ, ಕೊಳ್ಳಲು ದುಡ್ಡು ಬೇಡ. ಆದರೆ ಹೊಸ ಹೊಸ ಪಾತ್ರಗಳು ಬೇಕೆಂದರೆ ಅದೃಷ್ಟದ ಚೀಟಿ ಎತ್ತಬೇಕು. ಚೀಟಿ ಎತ್ತಲು ಆಟದೊಳಗಿನ ರತ್ನಗಳು ಬೇಕು. ಆಡುತ್ತಾ ಸ್ವಲ್ಪ ಸಿಗುತ್ತವೆ, ಅವಸರವಿದ್ದರೆ ನಿಜವಾದ ಹಣ ಕೊಟ್ಟು ಕೊಳ್ಳಬೇಕು. ಬೇಕಾದ ಪಾತ್ರವೇ ಬರುತ್ತದೆಂಬ ಖಾತರಿ ಪ್ರತಿ ಚೀಟಿಗೂ ಇಲ್ಲ. ಚೀಟಿಯ ನಿಜವಾದ ಖರ್ಚು ಮತ್ತು ಗೆಲ್ಲುವ ಸಾಧ್ಯತೆಯ ಬಗ್ಗೆ ಮಕ್ಕಳನ್ನೂ ಇತರರನ್ನೂ ದಾರಿ ತಪ್ಪಿಸಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತ್ತು. 2025ರ ಜನವರಿಯಲ್ಲಿ ಆದ ರಾಜಿಯಂತೆ 2 ಕೋಟಿ ಡಾಲರ್ ಕಟ್ಟಲು, ಹೆತ್ತವರ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಅಲ್ಲಿ ಇಂಥ ಚೀಟಿ ಮಾರದಿರಲು ಪ್ರಕಾಶಕ ಸಂಸ್ಥೆ ಒಪ್ಪಿತು. ಮೊಬೈಲಿನಲ್ಲಿ ಆಟ ಹಾಕುವ ಮೊದಲು ಅದಕ್ಕೆ ಬ್ಯಾಂಕ್ ಕಾರ್ಡ್, ಯುಪಿಐ ಜೋಡಿಸಿದೆಯೇ ಎಂದು ಹಿರಿಯರು ನೋಡಿಕೊಳ್ಳಲಿ. ಅಜ್ಜಿಯ ಪಿಂಚಣಿ ಮಾಯಾಲೋಕದ ರತ್ನವಾಗಿ ಹೋಗಬಾರದು.

ಕೊಳ್ಳುವ ಮೊದಲು ಮೂರು ಪರೀಕ್ಷೆ

ಮೊದಲನೆಯದಕ್ಕೆ ಖರ್ಚೇ ಇಲ್ಲ. ಮಗು ಈಗಾಗಲೇ ಯಾವ ಆಟಗಳನ್ನು ಇಷ್ಟಪಡುತ್ತದೆ ಎಂದು ಗಮನಿಸಿ. ಚೌಕಾಬಾರ, ಚದುರಂಗ, ಅಳಗುಳಿ ಮಣೆ ಇಷ್ಟಪಡುವವರಿಗೆ ಸ್ಪಷ್ಟ ನಿಯಮ, ಸ್ಪಷ್ಟ ಗೆಲುವು ಬೇಕು. ಲಗೋರಿ, ಕಬಡ್ಡಿಯಂಥ ಆಟದಲ್ಲಿ ಮೈಮರೆಯುವವರಿಗೆ ಜೊತೆಗಾರರು ಬೇಕು. ಬ್ರೆತ್ ಆಫ್ ದಿ ವೈಲ್ಡ್ ಒಬ್ಬರೇ ಆಡುವ ಆಟ, ಅವರಿಗೆ ಬೇಗ ಬೇಸರವಾದೀತು. ಊರಿಗೆ ಹೋದಾಗ ಹಿತ್ತಲು, ತೋಟ, ಕೆರೆ ಏರಿ ಎಂದು ಊಟದ ಹೊತ್ತು ಮರೆತು ಅಲೆಯುವ ಮಗು, ಕಲ್ಲು, ಗರಿ, ಬೀಜ ಜೇಬಿಗೆ ತುಂಬಿಕೊಂಡು ಬರುವ ಮಗು ಇದೆಯಲ್ಲ, ಅದು ಹೈರೂಲ್‌ಗೆ ಅರ್ಧ ಹೋಗಿಯೇ ಬಂದಿದೆ.

ಎರಡನೆಯದು, ಯಾರಾದರೂ ಆಡುವುದನ್ನು ಅರ್ಧ ಗಂಟೆ ನೋಡುವುದು. ಯೂಟ್ಯೂಬಿನಲ್ಲಿ ಇಂಥ ವಿಡಿಯೊಗಳು ಹೇರಳ. ಕಂಪನಿ ಬಿಡುವ ಎರಡು ನಿಮಿಷದ ಜಾಹೀರಾತು ನೋಡಬೇಡಿ, ಅದರಲ್ಲಿ ಬರೀ ಒಗ್ಗರಣೆ ಇರುತ್ತದೆ. ಯಾರೋ ಸುಮ್ಮನೆ ಬೆಟ್ಟ ಹತ್ತುವುದು, ಕುದುರೆ ಓಡಿಸುವುದು, ಅಡುಗೆ ಮಾಡುವುದು ಇರುವ ಸಾಧಾರಣ ಅರ್ಧ ಗಂಟೆಯನ್ನು ನೋಡಿ. ಆಟದ ಬಹುಪಾಲು ಅದೇ. ಅದು ಹಿಡಿಸಿದರೆ ಆಟವೂ ಹಿಡಿಸೀತು.

ಮೂರನೆಯದು, ಗೆಳೆಯರ ಅಥವಾ ನೆಂಟರ ಮನೆಯಲ್ಲಿ ಎರಡು ಸಂಜೆ ಆಡಿ ನೋಡುವುದು. ಮುದುಕ ಸಿಗುವ ಆರಂಭದ ಬಯಲು ಇಡೀ ಆಟದ ಮಾದರಿಯಂತಿದೆ. ಹತ್ತುವುದು, ಅಡುಗೆ, ಚಳಿ, ಒಗಟು, ಹೊಡೆದಾಟ ಎಲ್ಲ ಅಲ್ಲಿವೆ. ಅಷ್ಟು ಆಡಿಯೂ ಕೆಳಗೆ ಹಾರಲು ಮನಸ್ಸಾಗದಿದ್ದರೆ ಈ ಆಟ ನಿಮ್ಮದಲ್ಲ. ಇದು ನಿಂಟೆಂಡೊ ಯಂತ್ರಗಳಲ್ಲಿ ಮಾತ್ರ ನಡೆಯುವ ಆಟ. ಯಂತ್ರವಿಲ್ಲದವರು ಅದರ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆದ್ದರಿಂದ ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಕೊಳ್ಳುವುದಾದರೆ ಆಟದ ಪುಟ್ಟ ಬಿಲ್ಲೆಯನ್ನೇ ಕೊಂಡರೆ ಆಡಿ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. ಡೌನ್‌ಲೋಡ್ ಮಾಡಿಕೊಂಡದ್ದನ್ನು ಹಾಗೆ ಕೈ ಬದಲಿಸಲಾಗದು.

ಅಜ್ಜ, ಅಜ್ಜಿಯರ ಪಾಲು

ಹಿರಿಯರೇ, ಗುಂಡಿ ಒತ್ತಲು ಬಾರದಿದ್ದರೂ ಈ ಆಟದಲ್ಲಿ ನಿಮಗೆ ಕೆಲಸವಿದೆ. ಪಕ್ಕದಲ್ಲಿ ಕುಳಿತು ನಕ್ಷೆ ನೋಡಿ. "ಆ ಬೆಟ್ಟದ ಆಚೆ ಏನಿರಬಹುದು ಪುಟ್ಟಾ?" ಎಂದು ಕೇಳಿ. ಒಗಟು ಬಿಡಿಸುವುದರಲ್ಲಿ ನೀವೇ ಮುಂದೆ ಇರಬಹುದು. ಮರ ಕಡಿದು ಕಂದಕಕ್ಕೆ ಸೇತುವೆ ಮಾಡುವ ಉಪಾಯ ಈ ಆಟದಲ್ಲಿ ನಡೆಯುತ್ತದೆ. ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿದವರಿಗೆ ಅದು ಹೊಸತೇನಲ್ಲ.

ಹೊತ್ತಿನ ವಿಷಯದಲ್ಲಿ ಒಂದು ಗುಟ್ಟು ನಿಮಗೆ ಗೊತ್ತಿರಲಿ. ಬ್ರೆತ್ ಆಫ್ ದಿ ವೈಲ್ಡ್ ಅನ್ನು ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಿಟ್ಟುಕೊಳ್ಳಬಹುದು. ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಆದ್ದರಿಂದ "ಈಗ ನಿಲ್ಲಿಸಿದ್ರೆ ಎಲ್ಲ ಹೋಗತ್ತೆ ಅಜ್ಜೀ, ಇನ್ನೈದು ನಿಮಿಷ" ಎಂಬ ಮಾತು ಈ ಆಟದ ಮಟ್ಟಿಗೆ ನಡೆಯುವುದಿಲ್ಲ. ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ದಿನಕ್ಕೆ ಇಷ್ಟೇ ಹೊತ್ತು ಎಂದು ಮಿತಿ ಹಾಕುವ ಮೊಬೈಲ್ ಆ್ಯಪ್ ಕೂಡ ಇದೆ. ಆದರೂ ಮೊದಲು ಮಾತಾಡಿ ಒಪ್ಪಂದ ಮಾಡಿಕೊಳ್ಳುವುದು ಮೇಲು. ಮಗುವೇ ಒಪ್ಪಿದ ಮಿತಿ ಬಾಳುತ್ತದೆ.

ಆಟ ಮಿತಿ ಮೀರಿದರೆ ಅದನ್ನು ಹಗುರವಾಗಿ ಕಾಣಬೇಡಿ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಎಂಬುದನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ಮುಂದುವರಿದಾಗ ವೈದ್ಯರು ಆ ಹೆಸರು ಕೊಡುತ್ತಾರೆ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ ರೋಗದ ಹೆಸರು ಕಟ್ಟಬೇಡಿ. ನಿಜವಾಗಿಯೂ ಕಳವಳವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ‘ಶಟ್ ಕ್ಲಿನಿಕ್’ ಇದೆ. ಮೊಬೈಲ್, ಇಂಟರ್ನೆಟ್, ಆಟಗಳ ಅತಿಬಳಕೆಯಿಂದ ಬಳಲುವವರಿಗೆಂದೇ ಇರುವ ವಿಭಾಗ ಅದು.

ಒಲ್ಲೆ ಎನ್ನುವುದೂ ಉತ್ತರವೇ

ಮಕ್ಕಳೇ, ಎಲ್ಲ ಪರೀಕ್ಷೆ ಮಾಡಿ ನೋಡಿದ ಮೇಲೆ ಈ ಆಟ ನಿಮಗೆ ಹಿಡಿಸಲಿಲ್ಲ ಎಂದಿಟ್ಟುಕೊಳ್ಳಿ. ತರಗತಿಯಲ್ಲಿ ಎಲ್ಲರೂ ಹೊಗಳುತ್ತಿರುವಾಗ "ನಂಗೆ ಅದು ಇಷ್ಟ ಆಗ್ಲಿಲ್ಲ" ಎನ್ನಲು ಸಂಕೋಚವಾಗುತ್ತದೆ. ಆದರೆ ಏಕೆ ಇಷ್ಟವಾಗಲಿಲ್ಲ ಎಂದು ನಿಮಗೀಗ ಗೊತ್ತಿದೆ. "ನನಗೆ ಕಥೆ ಒಂದೇ ಸಮನೆ ಸಾಗಬೇಕು" ಎಂದೋ, "ನನಗೆ ಜೊತೆಗೆ ಆಡೋರು ಬೇಕು" ಎಂದೋ ಹೇಳಬಲ್ಲವರನ್ನು ಯಾರೂ ಸುಲಭವಾಗಿ ಹಂಗಿಸಲಾರರು. ಮುಂದೆ ಪುಸ್ತಕ ಆರಿಸುವಾಗ, ಓದುವ ವಿಷಯ ಆರಿಸುವಾಗಲೂ ಈ ಅಭ್ಯಾಸ ಕೈ ಹಿಡಿಯುತ್ತದೆ.

ಹಿಡಿಸಿತು ಎಂದಾದರೆ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ಆಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಲೋಹದ ಗುರಾಣಿ ಕೆಳಗಿಡಲು ಮರೆಯಬೇಡಿ. ಒಂದು ಗಂಟೆಯಾದ ಮೇಲೆ ಲಿಂಕ್‌ನನ್ನು ಬೆಂಕಿಯ ಬಳಿ ಕೂರಿಸಿ, ನೀವು ಎದ್ದು ಊಟಕ್ಕೆ ಬನ್ನಿ.